ಚೆಂಡು ಬಿಟ್ಟ ವಿಲ್ಕಿನ್

ನಮ್ಮೂರು ಸಾನ್ ಪೆದ್ರೊದ ಮಕ್ಕಳಿಗೆ ಬೇಸ್‌ಬಾಲ್ ಕಲಿಸಬೇಕಾದ್ದೇ ಇಲ್ಲ ಬಿಡಿ. ಶಾಲೆ ಬಿಟ್ಟರೆ ಸಾಕು, ನೀರಿನ ಕ್ಯಾನಿನ ಮುಚ್ಚಳವೇ ಚೆಂಡು, ಪೊರಕೆ ಕೋಲೇ ಬ್ಯಾಟು. ಅದರಲ್ಲೂ ಮೀನು ಕರಿದು ಮಾರುವ ದಿಗ್ನಾಳ ಅಣ್ಣನ ಮಗ ವಿಲ್ಕಿನ್ ಇದ್ದನಲ್ಲ, ಬಂದದ್ದನ್ನೆಲ್ಲ ಬಾರಿಸುತ್ತಿದ್ದ. ತಾಯಿಯಿಲ್ಲದ ಅವನನ್ನು ಸಾಕಿದವಳು ಈ ಅತ್ತೆಯೇ. "ಹೊಡಿಯೋ, ಸುಮ್ನೆ ನಿಂತವನನ್ನ ಯಾವ ಅಮೆರಿಕದವ್ನೂ ಕರ್ಕೊಂಡ್ ಹೋಗಲ್ಲ" ಅನ್ನುತ್ತಿದ್ದಳು. ನಮ್ಮ ದ್ವೀಪದ ಪಾಠವೇ ಅದು.

ಹದಿನಾರಕ್ಕೇ ಅಮೆರಿಕದ ತಂಡವೊಂದು ಅವನನ್ನು ಕರೆದೊಯ್ದಿತು. ಊರೆಲ್ಲ ಕುಣಿಯಿತು. ಆದರೆ ಅಲ್ಲಿನ ಎಸೆತಗಾರರು ಮಹಾ ಚಾಲಾಕಿಗಳು. ಇವನ ಚಪಲ ಕಂಡುಹಿಡಿದು ಚೆಂಡನ್ನು ಎಟುಕದಂತೆ ಹೊರಗೇ ಹಾಕತೊಡಗಿದರು. ಇವನು ಗಾಳಿಗೆ ಗುದ್ದಿದ. ಅಂಥ ನಾಲ್ಕು ಚೆಂಡು ಬಿಟ್ಟರೆ ಪುಕ್ಕಟೆ ಮೊದಲ ಬೇಸ್‌ಗೆ ನಡೆದುಹೋಗಬಹುದು. ಬಿಡುವುದನ್ನು ಅವನಿಗೆ ಕಲಿಸಿದವರಾರು? ಕೊನೆಗೆ ತಂಡದವರು, "ಚಳಿಗಾಲ ನಿಮ್ಮೂರಲ್ಲಿ ಆಡು. ತಿದ್ದಿಕೊಳ್ಳದಿದ್ರೆ ವಾಪಸ್ ಬರಬೇಡ" ಎಂದುಬಿಟ್ಟರು.

ಆ ಚಳಿಗಾಲದ ಫೈನಲ್ ನೋಡಲು ಅವರೂ ಬಂದಿದ್ದರು. ಕೊನೆಯ ಸರದಿ, ಅಂಕ ಸಮ. ಮೂರೂ ಬೇಸ್‌ಗಳಲ್ಲಿ ನಮ್ಮವರೇ ತುದಿಗಾಲಲ್ಲಿ. ವಿಲ್ಕಿನ್ ಹೊರಗೆ ಹೋದ ಮೂರು ಚೆಂಡುಗಳನ್ನು ಒಂದೊಂದಾಗಿ ಬಿಟ್ಟ. ನಡುವೆ ಒಳ್ಳೆಯವೆರಡು ಬಂದವು, ಬೀಸಿ ತಪ್ಪಿದ. ಇನ್ನೊಂದು ಒಳ್ಳೆಯ ಚೆಂಡನ್ನು ಬೀಸಿ ತಪ್ಪಿದರೂ ಔಟು, ಸುಮ್ಮನೆ ಬಿಟ್ಟರೂ ಔಟು.

"ಏನಯ್ಯಾ, ಬ್ಯಾಟು ಬಾಡಿಗೆಗೆ ತಂದಿದ್ದೀಯಾ? ಸವೆದ್ಹೋಗುತ್ತೆ ಅಂತ ಭಯಾನಾ?" ಎಂದ ಹಿಂದಿನ ಸಾಲಿನವನೊಬ್ಬ.

ದಿಗ್ನಾಗೂ ತಡೆಯಲಾಗಲಿಲ್ಲ. "ಹೊಡಿಯೋ ಮಂಕೇ, ನನ್ ಮಾನ ಕಳೀಬೇಡ" ಎಂದು ಗಂಟಲು ಹರಿಯುವಂತೆ ಕೂಗಿದಳು.

ಕೊನೆಯ ಚೆಂಡು ಬಂತು. ಅವನ ಭುಜ ಅಲುಗಿತು, ಬ್ಯಾಟು ಅಲುಗಲಿಲ್ಲ. ಹೊರಗೆ ಹೋಯಿತೆಂದ ಅಂಪೈರು. ವಿಲ್ಕಿನ್ ಬ್ಯಾಟು ಕೆಳಗಿಟ್ಟು ನಡೆದ. ಬೇಸ್‌ಗಳೆಲ್ಲ ತುಂಬಿದ್ದರಿಂದ ಮುಂದಿನವರೆಲ್ಲ ಒಂದೊಂದು ಬೇಸ್ ಸರಿದು, ಮೂರನೆಯದರಲ್ಲಿದ್ದವನು ಗೆಲುವಿನ ಅಂಕ ತಂದ. ಭಲೇ ಹುಡುಗ! ಅಮೆರಿಕದವರು ಅಲ್ಲೇ ಕೈಕುಲುಕಿದರು. ಇಂದು ಅವನ ಪಟವಿಲ್ಲದ ಕ್ಷೌರದಂಗಡಿ ನಮ್ಮೂರಲ್ಲಿಲ್ಲ.

ಕಳೆದ ವರ್ಷ ಊರಿಗೆ ಬಂದವನಿಗೆ ಬಾಳೆಕಾಯಿ ಬೇಯಿಸಿ ಹಿಸುಕಿ ಬಡಿಸುತ್ತ ದಿಗ್ನಾ ಕೇಳಿದಳು. "ಅವತ್ತು ಅಷ್ಟು ಕೂಗಿದ್ನಲ್ಲೋ, ಕೇಳಿಸ್ಲಿಲ್ವಾ?"

"ಎಲ್ಲಾರ್ಗಿಂತ ನಿನ್ ದನೀನೇ ಕೇಳಿಸ್ತಿತ್ತು ಅತ್ತೆ. ಬೀಸಿ ಔಟಾಗಿದ್ರೆ ಎಲ್ಲಾರೂ 'ಪಾಪ' ಅಂತಿದ್ರಿ. ಸುಮ್ನೆ ನಿಂತು ಔಟಾಗಿದ್ರೆ ಈ ಮನೆಗೆ ಹೇಗ್ ಬರೋದು ಅನ್ನೋದೇ ತಲೇಲಿತ್ತು."

ದಿಗ್ನಾ ಸೌಟು ಕೆಳಗಿಟ್ಟಳು. ಅವತ್ತು ಅಷ್ಟು ಜನರ ನಡುವೆ ಹುಡುಗ ಒಬ್ಬನೇ ನಿಂತಿದ್ದ.

"ನಾನೂ ಆ ಕೂಗೋರ ಕಡೆನೇ ಇದ್ನಲ್ಲೋ" ಎಂದಳು.