ಫೆಲಿಕ್ಸ್ ಪೊರ್ಬುಗಳು ಓದಿದ ಪುಟ

ಕಣ್ಣಿಗೆ ಕಾಣದ್ದನ್ನು ಕಂಡೆ ಎನ್ನುವವರ ಮಾತಿಗೆ ನಾನು ನಕ್ಕವನೇ. ಕಾಗದದಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬುದು ನಮ್ಮಂಥ ಕ್ಲರ್ಕುಗಳ ಧರ್ಮ. ಹಾಗಾಗಿ ಇದನ್ನು ನೀವು ನಂಬಲೇಬೇಕೆಂಬ ಒತ್ತಾಯವೇನೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಕತಾರಿನ ದೋಹಾದ ವೆಸ್ಟ್ ಬೇಯಲ್ಲಿದ್ದ ನಮ್ಮ ಆಫೀಸಿಗೆ ಒಂದು ಕೆಲಸ ಬಂತು. ಅಮೆರಿಕದ ಒಂದು ಹಳ್ಳಿಗಾಡು ರಾಜ್ಯದಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಕಳ್ಳತನ, ಹೊಡೆದಾಟಗಳು ಹೆಚ್ಚಿದವೋ ಇಳಿದವೋ ಎಂದು ಅಲ್ಲಿನ ಪ್ರೊಫೆಸರೊಬ್ಬರಿಗೆ ತಿಳಿಯಬೇಕಿತ್ತು. ಹಳೆಯ ಪೊಲೀಸ್ ರಿಜಿಸ್ಟರುಗಳ ಜೆರಾಕ್ಸ್ ಕಳಿಸಿದ್ದರು. ನಾವು ಅದನ್ನು ಕಂಪ್ಯೂಟರಿಗೆ ಏರಿಸಬೇಕು. ಕೋಳಿ ಕದ್ದವರು, ಬೇಲಿ ಕಿತ್ತವರು, ಕುಡಿದು ಗಲಾಟೆ ಮಾಡಿದವರು. ಓದುತ್ತಾ ಹೋದರೆ ನಮ್ಮೂರ ಠಾಣೆಯ ಪುಸ್ತಕವೇ.

ಫೆಲಿಕ್ಸ್ ಪೊರ್ಬುಗಳು ಗಟ್ಟಿಯಾಗಿ ಓದುವುದು, ನಾನು ಟೈಪ್ ಮಾಡುವುದು. ಅವರು ಉಡುಪಿ ಕಡೆಯ ಕ್ರಿಶ್ಚಿಯನ್ನರು. ಅವರನ್ನು ನಾವು ತುಳುವರು ಗೌರವದಿಂದ ಪೊರ್ಬುಗಳು ಎನ್ನುತ್ತೇವೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆಂದು ನನಗೆ ಹೇಳಿಕೊಟ್ಟವರು ಅವರೇ. ಅಷ್ಟು ಹೊತ್ತಿಗೆ ನಾನು ಜುಲೈ ನಾಲ್ಕರ ಕಳ್ಳನನ್ನು ಏಪ್ರಿಲ್ ಏಳಕ್ಕೆ ಸಾಗಹಾಕಿದ್ದೆ. ಅವರು ಬೈಯಲಿಲ್ಲ, ಪಕ್ಕದಲ್ಲಿ ಕೂತು ಎಲ್ಲವನ್ನೂ ಸರಿಮಾಡಿಸಿದರು. ಅಷ್ಟು ದೊಡ್ಡ ಮನಸ್ಸಿನವರನ್ನು ನಾನು ಆಮೇಲೆ ಯಾವ ಆಫೀಸಿನಲ್ಲೂ ಕಂಡಿಲ್ಲ.

ಒಂದು ಗುರುವಾರ ಮಧ್ಯಾಹ್ನ ಅವರು ಒಂದು ಪುಟ ಓದಿದರು. ಹನ್ನೊಂದು ಪ್ರಕರಣ. ಕೊನೆಯದು, ಯುದ್ಧದಿಂದ ಮರಳಿದ ಸೈನಿಕನೊಬ್ಬ ನೆರೆಯವನ ಕುದುರೆಯ ಜೀನು ಕದ್ದದ್ದು. ಓದಿ ಮುಗಿಸಿ, "ಇದನ್ನು ಸೇರಿಸ್ಬೇಡ ಮಾರಾಯ. ಇವ ಕದ್ದವ ಅಲ್ಲ" ಎಂದರು. ಬರೆದದ್ದನ್ನು ಬಿಡುವುದು ಹೇಗೆ? ನಾನು ಸೇರಿಸಿದೆ.

ಶುಕ್ರ, ಶನಿ ರಜೆ ಕಳೆದು ಭಾನುವಾರ ಕಾಗದ ಜೋಡಿಸುವಾಗ ಆ ಪುಟ ಕೈಗೆ ಬಂತು. ಮೂಲದಲ್ಲೇ ನೀರು ಬಿದ್ದು ಶಾಯಿಯೆಲ್ಲ ಹರಡಿ, ಬರೀ ಕಲೆಯಾಗಿತ್ತು. ಓದಲು ಒಂದಕ್ಷರವೂ ಇರಲಿಲ್ಲ. ಪೊರ್ಬುಗಳ ಎರಡೂ ಕಣ್ಣಿಗೆ ಪೊರೆ ಬಂದದ್ದು ನನಗೊಬ್ಬನಿಗೇ ಗೊತ್ತಿತ್ತು, ಆ ತಿಂಗಳೇ ಅವರ ಕಾಂಟ್ರಾಕ್ಟ್ ಮುಗಿಯುವುದಿತ್ತು. ಕಣ್ಣು ಕಾಣದೆ ಬಾಯಿಗೆ ಬಂದದ್ದನ್ನು ಓದಿಬಿಟ್ಟರೇ? ಮ್ಯಾನೇಜರಿಗೆ ಹೇಳಿದರೆ ಪೊರ್ಬುಗಳ ಕೆಲಸ ಖಲಾಸ್. ಹೇಳದಿದ್ದರೆ ಸುಳ್ಳನ್ನು ಕಳಿಸಿದ ಹಾಗೆ. ಎರಡಕ್ಕೂ ಮನಸ್ಸು ಬಾರದೆ, ಪುಟ ಹಾಳಾಗಿದೆ, ಕೋರ್ಟಿನ ನಕಲು ಇದ್ದರೆ ಕಳಿಸಿ ಎಂದು ಪ್ರೊಫೆಸರಿಗೆ ಬರೆದೆ.

ವಾರದೊಳಗೆ ಬಂತು. ಬಾಗಿಲು ಹಾಕಿಕೊಂಡು ಹೋಲಿಸಿದೆ. ಹೆಸರು, ತಾರೀಖು, ಕೋಳಿಯ ಬಣ್ಣ ಸಹಿತ ಎಲ್ಲವೂ ಅವರು ಓದಿದ ಹಾಗೆಯೇ. ಹನ್ನೊಂದನೆಯದರ ಮೇಲೆ ಮಾತ್ರ ಗೆರೆ ಎಳೆದು, ಜೀನು ನೆರೆಯವನ ಕೊಟ್ಟಿಗೆಯಲ್ಲೇ ಸಿಕ್ಕಿತೆಂದು ಬರೆದಿತ್ತು. ನಾನು ಆ ಸಾಲನ್ನು ಅಳಿಸಿದೆ.

ಪೊರ್ಬುಗಳನ್ನು ಕೇಳಿದರೆ, ಇದ್ದದ್ದನ್ನು ಓದಿದ್ದೇನೆ ಎಂದು ನಕ್ಕರು. ಕಾಂಟ್ರಾಕ್ಟ್ ಮುಂದುವರಿಯಿತು. ರಜೆಯಲ್ಲಿ ಊರಿಗೆ ಹೋಗಿ ಪೊರೆ ತೆಗೆಸಿಕೊಂಡು ಬಂದರು. ಬಂದ ದಿನವೇ ಆ ಪುಟವನ್ನು ಅವರ ಮುಂದಿಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದರು.

"ಇದ್ರಲ್ಲಿ ಎಂತದೂ ಇಲ್ವಲ್ಲ ಮಾರಾಯ" ಎಂದರು. "ಹಾಗಾದ್ರೆ ಅವತ್ತು ನಾನು ಓದಿದ್ದು ಯಾವ್ದನ್ನು?"

ನಾನು ಆ ಪುಟವನ್ನು ಕೋರ್ಟಿನ ನಕಲಿನ ಜೊತೆಗೆ ಫೈಲಿಗೆ ಸೇರಿಸಿದೆ. ಸತ್ತು ಎಷ್ಟೋ ಕಾಲವಾಗಿರಬಹುದಾದ ಆ ಸೈನಿಕ ಈಗ ನಮ್ಮ ಪಟ್ಟಿಯಲ್ಲಿ ಕಳ್ಳನಲ್ಲ.