ಅವ್ವ ಕೆಚ್ಚುವ ಎಳೆಗಳು

ಚಳ್ಳಕೆರೆಯ ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಹೇಳಿಕೊಳ್ಳಲು ಸಂಕೋಚವಿಲ್ಲ, ಕಷ್ಟಪಟ್ಟೇ ಪಡೆದದ್ದು. ಮೊಳಕಾಲ್ಮೂರಿನ ಮನೆಯಲ್ಲಿ ಅಪ್ಪನ ಕೈಮಗ್ಗದ ಸದ್ದಿಗೆ ಬೆನ್ನು ಕೊಟ್ಟು ಓದಿದವಳು ನಾನು. ಇಂದಿಗೂ ಆ ಸದ್ದಿಲ್ಲದ ಕೋಣೆಯಲ್ಲಿ ಓದಿದ್ದು ತಲೆಗೆ ಹತ್ತುವುದಿಲ್ಲ.

ಶನಿವಾರ ಮಧ್ಯಾಹ್ನ ಊರಿನ ಬಸ್ಸು ಹತ್ತುತ್ತೇನೆ. ಎಣ್ಣೆ ಮಿಲ್ಲುಗಳ ಶೇಂಗಾ ವಾಸನೆ ಸ್ವಲ್ಪ ದೂರ ಜೊತೆಗೆ ಬಂದು ಇಳಿದುಹೋಗುತ್ತದೆ. ಕಿಟಕಿಗೆ ತಲೆ ಆನಿಸಿ ಅರೆಗಣ್ಣು ಮುಚ್ಚಿದರೆ ಬಸ್ಸು ನಿಂತು, ಬಂಡೆಗುಡ್ಡಗಳೇ ಒಂದರ ಹಿಂದೊಂದು ನಡೆದುಹೋದಂತೆ ಕಾಣುತ್ತದೆ. ಆ ಮಂಪರಿನಲ್ಲಿ ಪ್ರತಿ ಸಲವೂ ಅವ್ವ ಬರುತ್ತಾಳೆ: ಮಗ್ಗದ ಹಿಂದೆ, ಹೆಂಚಿನ ಸಂದಿಯಿಂದ ಬಿದ್ದ ಬಿಸಿಲಿನಲ್ಲಿ, ರೇಷ್ಮೆಯ ನಡುವೆ ಕೂತವಳು.

ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆಗಳ ಒಂದು ಹಾಸಿನಲ್ಲಿ ಸೀರೆಗಳೆಲ್ಲ ನೇಯ್ದು ಮುಗಿದರೂ ನಮ್ಮಲ್ಲಿ ಮಗ್ಗವನ್ನು ಬರಿದು ಮಾಡುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಬಾಚಣಿಗೆಯಂಥ ಅಚ್ಚಿನಲ್ಲೇ ಉಳಿಸಿ, ಒಂದೊಂದಕ್ಕೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಸೇರಿಸುತ್ತಾರೆ. ಇದಕ್ಕೆ ಕೆಚ್ಚುವುದು ಎನ್ನುತ್ತೇವೆ. ನಮ್ಮ ಮನೆಯಲ್ಲಿ ನೇಯುವುದು ಅಪ್ಪ, ಕೆಚ್ಚುವುದು ಅವ್ವ.

ಹೋದ ವರ್ಷದಿಂದ ಅವ್ವ ಅಂಗಳದಲ್ಲಿ ನಡೆಯುವಾಗ, ನೆಲ ಪಕ್ಕಕ್ಕೆ ಸರಿದುಹೋದಂತೆ ಹೆಜ್ಜೆ ಇಡತೊಡಗಿದಳು. ಹೆಬ್ಬೆರಳು ಹುಡುಕಿದ ಕಡೆ ತೋರುಬೆರಳು ಸಿಗುತ್ತಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ತಲೆಯ ಹಿಂಭಾಗದ ಚಿಕ್ಕಮೆದುಳಿನಲ್ಲಿ ನರಕೋಶಗಳು ಸಾಯುತ್ತಿವೆ, ಅವುಗಳೊಳಗಿನ ಡಿಎನ್‌ಎ ರಿಪೇರಿ ಮಾಡುವ ವ್ಯವಸ್ಥೆ ಹುಟ್ಟಿನಿಂದಲೇ ದುರ್ಬಲ ಎಂದರು ವೈದ್ಯರು. ನಿಲ್ಲಿಸುವ ಔಷಧಿ ಇಲ್ಲ. ಅವ್ವ ಕೇಳಿದ್ದು ಒಂದೇ ಮಾತು:

“ಕೆಚ್ಚಾಕೆ ಆಗ್ತೈತೇನ್ರಿ?”

ವೈದ್ಯರು ನನ್ನ ಮುಖ ನೋಡಿದರು. ಅದೇನೆಂದು ವಿವರಿಸಿದೆ. “ಆಗುವಷ್ಟು ದಿನ ಮಾಡಲಿ,” ಎಂದರು.

ಹಾಸನ್ನು ಅವ್ವನ ಕೈಗೆ ಬಿಡಲು ಅಪ್ಪನಿಗೆ ಧೈರ್ಯವಾಗಲಿಲ್ಲ. ಕೆಚ್ಚಲು ಪಕ್ಕದ ಮನೆಯಾಕೆಯನ್ನು ಕರೆದ. ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಅವಳ ಬೆರಳು ಸೆರಗಿನ ಅಂಚನ್ನು ಹೊಸೆಯುತ್ತಲೇ ಇತ್ತು.

ಒಂದು ಭಾನುವಾರ ಅವಳಿಗೆ ಹೇಳಿದೆ: “ಅವ್ವ, ಒಳಗೆ ಜೀವಕೋಶದಾಗೂ ಎಳೆ ಐತೆ. ದಿನಾ ಹರೀತೈತೆ, ದಿನಾ ಅದೇ ಕೆಚ್ಕಂತೈತೆ. ಚರ್ಮದ ಕೋಶ ಹಾಳಾದ್ರೆ ಹೊಸದು ಹುಟ್ತೈತೆ. ನರದ್ದು ಹಂಗಲ್ಲ. ಹುಟ್ಟಿದಾಗಿನದ್ದೇ ಕೊನೇತನಕ. ಕೆಲಸ ಮಾಡ್ತಾನೇ ರಿಪೇರಿ ಆಗ್ಬೇಕು. ಆಗ್ಲಿಲ್ಲ ಅಂದ್ರೆ, ಹರಿದದ್ದು ಹಂಗೇ ಉಳ್ಕಂಡು ಜಾಸ್ತಿಯಾಗ್ತಾ ಕೋಶನೇ ಸಾಯ್ತೈತೆ.”

“ಕಾಲೇಜಿನಾಗೂ ಮಗ್ಗದ್ದೇ ಹೇಳ್ತೀಯಾ? ಅದಕ್ಕೂ ಸಂಬಳ ಕೊಡ್ತಾರಾ?”

ಅಪ್ಪ ಮಗ್ಗದಲ್ಲೇ ನಕ್ಕ. ಅವ್ವ ನಗಲಿಲ್ಲ. “ನನ್ನ ಕೈ ಇನ್ನೂ ಸತ್ತಿಲ್ಲ ಅಂತ ನಿಮ್ಮಪ್ಪಗೆ ಹೇಳು,” ಎಂದಳು.

ಮುಂದೊಂದು ಶನಿವಾರ ಬೀದಿಗೆ ತಿರುಗಿದಾಗ ಮಗ್ಗದ ಸದ್ದಿರಲಿಲ್ಲ. ಪಕ್ಕದ ಮನೆಯಾಕೆ ಸಿದ್ದಾಪುರದ ಮಗಳ ಮನೆಗೆ ಹೋಗಿದ್ದಳು. ಅಪ್ಪ ಪೇಟೆಗೆ ಹೋಗಿದ್ದ. ಹೊಸ ಹಾಸು ಮಗ್ಗಕ್ಕೆ ಬಂದಿತ್ತು. ಅದರ ಹಿಂದೆ, ಅದೇ ಬಿಸಿಲಿನಲ್ಲಿ ಅವ್ವ ಕೂತಿದ್ದಳು. ಬೆರಳ ತುಂಬ ಬೂದಿ. ಕೆನ್ನೆಗೂ ಬೂದಿ. ಇನ್ನೂ ಬಸ್ಸಿನಲ್ಲೇ ಇದ್ದೇನೇನೋ ಎನಿಸಿ ಬಾಗಿಲಲ್ಲೇ ನಿಂತೆ. ಅಂಗೈಯಗಲ ಕೆಚ್ಚಿಬಿಟ್ಟಿದ್ದಳು.

ಅಪ್ಪ ಬಂದು ನೋಡಿ, ಮೆಲ್ಲಗೆ ಎಳೆದ. ಕೆಲವು ಎಳೆ ನಿಂತವು. ಹೆಚ್ಚಿನವು ಸದ್ದಿಲ್ಲದೆ ಬೇರೆಯಾದವು.

“ಉಳಿದಿದ್ದೂ ಬಿಚ್ಬಿಡ್ತೀನಿ,” ಎಂದ ಅಪ್ಪ. “ನಾಳೆ ಪಕ್ಕದ ಮನೆ ಆಯಮ್ಮ ಬರ್ತಾಳೆ.”

“ಬಿಚ್ಚು. ನನ್ನೂ ಬಿಚ್ಚಿ ಮೂಲೆಗಿಡು.”

ಅಪ್ಪನ ಕೈ ರೇಷ್ಮೆಯ ಮೇಲೆ ಹಾಗೇ ನಿಂತಿತು. ನಾನು ಬ್ಯಾಗು ಕೆಳಗಿಟ್ಟು ಅವ್ವನ ಪಕ್ಕ ಕೂತೆ. ಚಿಕ್ಕಂದಿನಲ್ಲಿ ಕಲಿತದ್ದು ಬೆರಳಿಗೆ ಇನ್ನೂ ಅಲ್ಪಸ್ವಲ್ಪ ನೆನಪಿತ್ತು.

“ಹಳೇದಕ್ಕೆ ಜೋಡಿ ಹುಡುಕಿ ಕೊಡು. ನಾನು ಹೊಸೀತೀನಿ.”

“ಬೂದಿ ಹಚ್ಕಳೇ. ನಿನ್ನ ಡಿಗ್ರಿ ಕೈ ಜಾರ್ತೈತೆ.”

ಅವಳ ಬೆರಳು ಗಾಳಿಯಲ್ಲಿ ಒಂದು ಸುತ್ತು ಅಲೆದು ಎಳೆಯ ಮೇಲೆ ಬಂದು ಕೂರುತ್ತಿತ್ತು. ಜೋಡಿ ಒಂದೂ ತಪ್ಪಲಿಲ್ಲ. ಬಿಸಿಲಿನ ಪಟ್ಟಿ ಮಡಿಲಿನಿಂದ ಗೋಡೆಗೆ ಏರಿತು. ಮರುದಿನವೂ ನಾವು ಕೆಚ್ಚುತ್ತಿದ್ದಾಗ ಪಕ್ಕದ ಮನೆಯಾಕೆ ಇಣುಕಿ, “ನನ್ನ ಕೆಲಸ ಲೆಕ್ಚರರ್ರು ಕಿತ್ಕಂಡ್ರು ಬಿಡು,” ಎಂದು ನಕ್ಕು ಹೋದಳು. ಆವತ್ತು ಸಂಜೆ ಅಪ್ಪ ಹಾಸನ್ನು ಅಚ್ಚಿನೊಳಗಿಂದ ಇಷ್ಟಿಷ್ಟೇ ಎಳೆದುಕೊಂಡ. ಅವ್ವ ಕಣ್ಣು ಮುಚ್ಚಿ ಎಳೆಗಳು ಸರಿಯುವ ಸದ್ದು ಕೇಳಿಸಿಕೊಳ್ಳುತ್ತಿದ್ದಳು.

“ಒಂದು ಹೋತು,” ಎಂದ ಅಪ್ಪ. “ಪರ್ವಾಲೇದು.” ನಿಲ್ಲಿಸಿ, ಹೊಸೆದು, ಮತ್ತೆ ಎಳೆದ.

ಈಗ ಹಳೆಯ ಹಾಸು ಶನಿವಾರಕ್ಕೆ ಮುಗಿಯುವಂತೆ ಅಪ್ಪ ನೇಯುತ್ತಾನೆ. ನಾನು ಬಸ್ಸಿಳಿದು ಕೈ ತೊಳೆದು ಕೂರುತ್ತೇನೆ. ಅವಳ ತಲೆಯೊಳಗೆ ಏನು ಕಡಿಮೆಯಾಗುತ್ತಿದೆ ಎಂದು ನನಗೆ ಗೊತ್ತು. ಅದನ್ನೇ ಪಾಠ ಮಾಡುವವಳು ನಾನು. ಪ್ರತಿ ಸಲವೂ ಅವಳ ಬೆರಳು ಗಾಳಿಯಲ್ಲಿ ಇನ್ನಷ್ಟು ಹೊತ್ತು ಅಲೆಯುತ್ತದೆ. ಬೂದಿ ಹಚ್ಚಿಕೊಂಡು ಕಾಯುತ್ತೇನೆ. ಎಳೆ ಬರುತ್ತದೆ.