ಅಂಬಲಿ ನಿಲ್ಲಿಸು ಎಂದವಳು ನಾನೇ

ನನ್ನ ನಿವೃತ್ತಿಗೆ ಆಗ ಮೂರು ವರ್ಷ ಉಳಿದಿತ್ತು. ತಮಿಳುನಾಡಿನ ಬೋಡಿನಾಯಕನೂರು ಕಡೆಯ ಅಂಗನವಾಡಿಗಳಿಗೆ ನಾನು ಮೇಲ್ವಿಚಾರಕಿ. ಮಕ್ಕಳ ತೂಕ ನೋಡುವುದು, ಸರ್ಕಾರ ಕೊಡುವ ಸತ್ತುಮಾವು, ಅಂದರೆ ವಿಟಮಿನ್ ಬೆರೆಸಿದ ಹಿಟ್ಟಿನ ಪಾಕೆಟ್, ಅವರ ಹೊಟ್ಟೆ ಸೇರುತ್ತಿದೆಯೇ ಎಂದು ವರದಿ ಬರೆಯುವುದು ನನ್ನ ಕೆಲಸ. ಜಿಲ್ಲಾಕೇಂದ್ರ ತೇನಿಯ ಮೀಟಿಂಗಿನಲ್ಲಿ ಅಧಿಕಾರಿಯೊಬ್ಬರು ಎಲ್ಲರೆದುರು ಕೇಳಿದರು, "ನಿಮ್ಮ ತೇವಾರಂ ಪಾಕೆಟ್ಟೆಲ್ಲ ಕರುಗಳು ತಿನ್ತಿವೆಯಂತಲ್ಲಮ್ಮಾ?" ಸುತ್ತ ಕೂತವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮರುದಿನವೇ ತೇವಾರಂಗೆ ಹೋದೆ. ತೂಕ ಕಡಿಮೆಯಿರುವ ಮಕ್ಕಳ ಪಟ್ಟಿಯಲ್ಲಿ ಮೊದಲ ಹೆಸರು ಎರಡು ವರ್ಷದ ಕಾವ್ಯಾ. ತೂಕ ಎಂಟು ಕಿಲೋ ಆರುನೂರು ಗ್ರಾಂ. ಚಾರ್ಟಿನಲ್ಲಿ ಹಳದಿ ಪಟ್ಟಿ, ಅಂದರೆ ಎಚ್ಚರಿಕೆ. ತಾಯಿ ಏಲಕ್ಕಿ ತೋಟದ ಜೀಪು ಹತ್ತಿದರೆ ಇಳಿಯುವುದು ಸಂಜೆಗೆ. ಮಗು ಅಜ್ಜಿ ಸೆಲ್ವಮ್ಮನ ಕೈಯಲ್ಲಿ. ನಾನು ಹೋದಾಗ ಅಜ್ಜಿ ಹುಳಿಬಂದ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿಸುತ್ತಿದ್ದಳು.

ಮನೆಯ ಊಟದ ಜೊತೆಗೆ ಪಾಕೆಟ್ ಎಂದು ತರಬೇತಿಯಲ್ಲಿ ಕಲಿಸಿದ್ದರು. ಮೀಟಿಂಗಿನ ನಗು ಇನ್ನೂ ಕಿವಿಯಲ್ಲಿತ್ತು ನೋಡಿ, ನಾನು ಹೇಳಿದ್ದೇ ಬೇರೆ. ತಮಿಳು ಬಿಟ್ಟು ನಮ್ಮಿಬ್ಬರ ಮನೆಮಾತು ಕನ್ನಡಕ್ಕೆ ಇಳಿದೆ. "ಅವ್ವಾ, ಈ ಅಂಬಲಿ ನಿಲ್ಲಿಸು. ಪಾಕೆಟ್ ಹಿಟ್ಟೇ ಕೊಡು."

ಅಜ್ಜಿ ನನ್ನ ಮುಖ ನೋಡಿದಳು. "ನಮ್ ಮಾತಾಡೋಳು ನೀನು. ನೀ ಹೇಳಿದ್ಮ್ಯಾಲೆ ಆಯ್ತು ಮಗ್ಳೆ."

ಗೆದ್ದೆ ಎಂದುಕೊಂಡು ಬಸ್ಸು ಹತ್ತಿದೆ.

ತಿಂಗಳು ಕಳೆದು ತೂಗಿದರೆ ಎಂಟು ಕಿಲೋ ನೂರು. ಕೆಂಪು ಪಟ್ಟಿ, ಅಂದರೆ ಜೀವಕ್ಕೇ ಅಪಾಯ. ಮಗುವಿಗೆ ಅಳುವಷ್ಟೂ ತ್ರಾಣವಿರಲಿಲ್ಲ.

"ಪಾಕೆಟ್ ಕೊಟ್ಯಾ?"

"ಕೊಟ್ಟೆ. ಎಂಟು ದಿನಕ್ಕೆ ಮುಗೀತು."

ಆ ಮನೆಗೆ ಏನೇ ಬರಲಿ, ಮೊದಲ ಹಿಡಿ ಹಸುವಿಗೆ. ಉಳಿದದ್ದು ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳೂ ಸೇರಿ ಐವರಿಗೆ ಸಮಪಾಲು. ಒಂದು ಮಗುವಿಗೆ ಬಚ್ಚಿಟ್ಟು ತಿನ್ನಿಸಿದರೆ ಪಾಪ. ನಾನು ಬೆಳೆದ ಮನೆಯಲ್ಲೂ ಇದೇ ಪದ್ಧತಿ. ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

"ಆಮ್ಯಾಲೆ ಏನ್ ಕೊಟ್ಟೆ?"

"ಗಂಜಿ ನೀರು. ಅಂಬಲಿ ಬ್ಯಾಡ ಅಂದ್ಯಲ್ಲ."

ಅಂಬಲಿಯ ಗಡಿಗೆ ಮೂಲೆಯಲ್ಲಿ ಬೋರಲು ಬಿದ್ದಿತ್ತು.

ಅವತ್ತೇ ಮಗುವನ್ನು ಆಸ್ಪತ್ರೆಗೆ ಸೇರಿಸಿದೆ. ವರದಿಯಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆದೆ. ಅದೇ ಅಧಿಕಾರಿ ಓದಿ, "ಫಾರಂನಲ್ಲಿ ರಾಗಿಗೆ ಕಾಲಂ ಎಲ್ಲಿದೆಯಮ್ಮಾ? ಭೇದಿ ಅಂತ ಬರೀರಿ" ಎಂದರು. ಬರೆದೆ. ಆ ಕಡತದಲ್ಲಿ ಇವತ್ತಿಗೂ ಭೇದಿ ಎಂದೇ ಇದೆ, ಕೆಳಗೆ ನನ್ನ ಸಹಿ. ನೆನೆದರೆ ನಾಚಿಕೆಯಾಗುತ್ತದೆ.

ಮಗು ಬದುಕಿತು. ಮನೆಗೆ ಬಂದ ದಿನ ಬೈಸಿಕೊಳ್ಳಲೆಂದೇ ಹೋದೆ. ಅಜ್ಜಿ ಚಾಪೆ ಹಾಸಿದಳು. "ನೀನೇ ಹೇಳು ಮಗ್ಳೆ, ಇನ್ಮ್ಯಾಲೆ ಏನ್ ಕೊಡ್ಲಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎದ್ದು ಹೋಗಿ ಮೂಲೆಯ ಆ ಅಂಬಲಿ ಗಡಿಗೆ ತೊಳೆದು ಅವಳ ಮುಂದಿಟ್ಟೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ನಮ್ಮನ್ನು ನಂಬದವರಿಗೆ ತಪ್ಪು ಹೇಳಿದರೆ ಅವರು ತಲೆಯಾಡಿಸಿ ತಮ್ಮ ಪಾಡಿಗೆ ತಾವು ಬದುಕಿಕೊಳ್ಳುತ್ತಾರೆ. ನಂಬಿದವರು ಹೇಳಿದ ಹಾಗೇ ಮಾಡಿಬಿಡುತ್ತಾರೆ.